ಶಾಂತಿ ಸಭೆಯಲ್ಲಿ ಚರ್ಚೆಗೆ ಬಾರದ್ದು

ನಮ್ಮ ಕರಾವಳಿಯಲ್ಲಿ 'ಶಾಂತಿ' ಎಂಬ ಪದ ಕಿವಿಗೆ ಬೀಳುವುದು ಹೆಚ್ಚಾಗಿ ಎರಡು ಕಡೆ. ಒಂದು, ಜಾತಕ ನೋಡಿದ ಭಟ್ಟರು ಗ್ರಹಶಾಂತಿ ಮಾಡಿಸಿ ಎಂದಾಗ. ಇನ್ನೊಂದು, ಚೌತಿಯೋ ಈದ್ ಮಿಲಾದೋ ಹತ್ತಿರ ಬಂದಾಗ ಪೊಲೀಸ್ ಠಾಣೆಯಲ್ಲಿ ಕರೆಯುವ ಶಾಂತಿ ಸಭೆಯಲ್ಲಿ. ನಾನೂ ಒಂದೆರಡು ಸಭೆಗಳಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಚಹಾ ಕುಡಿದು ಬಂದವನೇ. ಮೆರವಣಿಗೆ ಯಾವ ದಾರಿಯಲ್ಲಿ, ಬಂಟಿಂಗ್ಸ್ ಯಾವಾಗ ತೆಗೆಯಬೇಕು, ಡಿಜೆ ಎಷ್ಟು ಗಂಟೆಗೆ ಬಂದ್. ಇಷ್ಟು ತೀರ್ಮಾನವಾದರೆ ಸಭೆ ಮುಗಿಯಿತು. ಹಬ್ಬ ಗಲಾಟೆಯಿಲ್ಲದೆ ಕಳೆದರೆ ಮರುದಿನದ ಪತ್ರಿಕೆಯಲ್ಲಿ 'ಶಾಂತಿಯುತ' ಎಂದು ಬರುತ್ತದೆ.

ಈ ಸಭೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಕೆಲಸ ಶುರು ಮಾಡುವ ಒಂದು ಅಧ್ಯಯನ ಶಾಖೆ ಇದೆ. ಅದಕ್ಕೆ ಶಾಂತಿ ಸಂಶೋಧನೆ ಎನ್ನುತ್ತಾರೆ. ಗಲಾಟೆ ಆಗಲಿಲ್ಲ, ಸಂತೋಷ. ಆದರೆ ಆಗಬಹುದು ಎಂಬ ಹೆದರಿಕೆ ಯಾಕಿತ್ತು? ಇದು ಅದರ ಪ್ರಶ್ನೆ. ಇದರ ನೆರೆಮನೆಯಲ್ಲಿ ಇನ್ನೊಂದು ದೊಡ್ಡ ಸಂಸಾರ: ಬಡ ದೇಶಗಳಿಗೆ ಹಣ, ತಂತ್ರಜ್ಞಾನ, ಪರಿಣತರನ್ನು ಕಳಿಸುವ ಅಂತರರಾಷ್ಟ್ರೀಯ ಅಭಿವೃದ್ಧಿ. ರಸ್ತೆ, ಆಸ್ಪತ್ರೆ, ಬೋರ್‌ವೆಲ್ ಅದರ ಕೆಲಸ. ಇವೆರಡೂ ಬೇರೆ ಬೇರೆ ಮನೆ ಎಂದುಕೊಂಡದ್ದರಿಂದ ಆದ ಅವಾಂತರಗಳು ಬಹಳ. ಒಂದು ಅವಾಂತರದ ವಾಸನೆ ನಮ್ಮ ಮಲ್ಪೆ ಬಂದರಿನಲ್ಲೂ ಹೊಡೆಯುತ್ತದೆ. ಅಲ್ಲಿಗೆ ಬರುತ್ತೇನೆ.

ಯುದ್ಧ, ಶಾಂತಿ ಎಲ್ಲ ದೂರದ ಸಂಗತಿ, ಟಿವಿಯಲ್ಲಿ ನೋಡುವಂಥದ್ದು ಎನ್ನುವವರು ಒಮ್ಮೆ ಕಾಪು ತಾಲೂಕಿನ ಪಾದೂರಿನ ಬಗ್ಗೆ ಯೋಚಿಸಬೇಕು. ಅಲ್ಲಿ ನೆಲದಡಿಯ ಬಂಡೆ ಕೊರೆದು 25 ಲಕ್ಷ ಟನ್ ಕಚ್ಚಾತೈಲ ಹಿಡಿಸುವ ಗುಹೆಗಳನ್ನು ಮಾಡಿದ್ದಾರೆ. ಮಂಗಳೂರಿನಲ್ಲಿ 15 ಲಕ್ಷ ಟನ್ನಿನದು ಇನ್ನೊಂದು. ವಿಶಾಖಪಟ್ಟಣದ್ದೂ ಸೇರಿದರೆ ದೇಶದ ಇಂಥ ತುರ್ತು ದಾಸ್ತಾನಿನ ಸಾಮರ್ಥ್ಯ 53.3 ಲಕ್ಷ ಟನ್. ಅಂದರೆ ಮುಕ್ಕಾಲು ಪಾಲು ನಮ್ಮ ಎರಡು ಜಿಲ್ಲೆಗಳ ಕಾಲಡಿಯಲ್ಲೇ ಇದೆ. ಮಳೆಗಾಲಕ್ಕೆಂದು ಅಜ್ಜಿಯಂದಿರು ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಭರಣಿ ಮುಚ್ಚಿಡುತ್ತಿದ್ದರಲ್ಲ, ಹಾಗೆ. ಕೊಲ್ಲಿಯಲ್ಲಿ ಯುದ್ಧವಾಗಿ ತೈಲ ನಿಂತರೆ ಎಂಬ ದೇಶದ ಹೆದರಿಕೆಯನ್ನು ನಾವು ಗುಡ್ಡದಡಿ ಭರಣಿಯಲ್ಲಿ ಇಟ್ಟಿದ್ದೇವೆ. 2023ರ ಡಿಸೆಂಬರ್ 23ರಂದು ಕೆಮ್ ಪ್ಲೂಟೊ ಎಂಬ ಟ್ಯಾಂಕರ್ ಹಡಗಿಗೆ ಅರಬ್ಬಿ ಸಮುದ್ರದಲ್ಲಿ ಡ್ರೋನ್ ಬಡಿಯಿತು. ಹಡಗು ಸೌದಿಯಿಂದ ಬರುತ್ತಿತ್ತು, ಅದರಲ್ಲಿದ್ದವರು ಹೆಚ್ಚುಕಡಿಮೆ ಎಲ್ಲರೂ ಭಾರತೀಯರು. ಅದು ಹೊರಟಿದ್ದದ್ದು ಮಂಗಳೂರಿಗೆ! ಯಾರಿಗೂ ಪ್ರಾಣಾಪಾಯವಾಗಲಿಲ್ಲ; ಕೋಸ್ಟ್ ಗಾರ್ಡ್ ಕಾವಲಿನಲ್ಲಿ ಮುಂಬೈ ಸೇರಿತು. ಅದೇ ತಿಂಗಳುಗಳಲ್ಲಿ ಇಂಥ ದಾಳಿಗಳಿಗೆ ಹೆದರಿ ಕೆಂಪು ಸಮುದ್ರದ ದಾರಿ ಬಿಟ್ಟು ಹಡಗುಗಳು ಆಫ್ರಿಕಾ ಸುತ್ತತೊಡಗಿದವು. ಚಿಕ್ಕಮಗಳೂರಿನ ಕಾಫಿ ಯುರೋಪು ಮುಟ್ಟಲು ಹತ್ತು ಹದಿನಾಲ್ಕು ದಿನ ಹೆಚ್ಚಾಯಿತು, ಬಾಡಿಗೆ ಏರಿತು.

ಇರಲಿ, ಶಾಂತಿಯನ್ನು 'ಸಂಶೋಧನೆ' ಮಾಡುವುದು ಹೇಗೆ? ಇದನ್ನು ಮೊದಲು ಲೆಕ್ಕಕ್ಕೆ ಇಳಿಸಿದವರಲ್ಲಿ ಒಬ್ಬ ಲೂಯಿಸ್ ಫ್ರೈ ರಿಚರ್ಡ್‌ಸನ್, ಇಂಗ್ಲೆಂಡಿನ ಹವಾಮಾನ ವಿಜ್ಞಾನಿ. ಕ್ವೇಕರ್ ಪಂಥದವನಾದ್ದರಿಂದ ಬಂದೂಕು ಹಿಡಿಯಲಿಲ್ಲ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಆಂಬುಲೆನ್ಸ್ ಓಡಿಸಿದ. ಮಳೆ ಗಾಳಿಗೆ ಸಮೀಕರಣ ಬರೆಯಬಹುದಾದರೆ ಯುದ್ಧಕ್ಕೂ ಬರೆಯಬಹುದು ಎಂದು ಹೊರಟ. ಇಬ್ಬರ ನಡುವಿನ ಗಡಿ ಉದ್ದವಾದಷ್ಟೂ ಜಗಳ ಹೆಚ್ಚೇ ಎಂದು ನೋಡಲು ಗಡಿಗಳ ಉದ್ದ ಹುಡುಕಿದರೆ, ಸ್ಪೇನ್ ಹೇಳುವುದು 987 ಕಿ.ಮೀ., ಅದೇ ಗಡಿಗೆ ಪೋರ್ಚುಗಲ್ ಹೇಳುವುದು 1,214! ಅಳತೆಕೋಲು ಸಣ್ಣದಾದಷ್ಟೂ ಅಂಕುಡೊಂಕೆಲ್ಲ ಸೇರಿ ಉದ್ದ ಬೆಳೆಯುತ್ತದೆ ಎಂದು ಆತ ಕಂಡುಕೊಂಡ. ಭಾರತದ ಕರಾವಳಿ 7,516 ಕಿ.ಮೀ. ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಈಗ 11,098 ಆಗಿರುವುದೂ ಇದೇ ಕಾರಣಕ್ಕೆ. ಸಮುದ್ರವೇನೂ ಹಿಂದೆ ಸರಿದಿಲ್ಲ, ಅಳತೆ ಸೂಕ್ಷ್ಮವಾಯಿತು. ಯುದ್ಧ ಅಳೆಯಲು ಹೋದವನ ಕೈಗೆ ಕಡಲತೀರ ಸಿಕ್ಕಿತು ಎಂಬುದು ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ.

ಅಳತೆಕೋಲಿನ ಈ ಸಮಸ್ಯೆ ಇಂದಿಗೂ ಹೋಗಿಲ್ಲ. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯ ಜಗತ್ತಿನ ಸಂಘರ್ಷಗಳ ಲೆಕ್ಕ ಇಡುತ್ತದೆ. ಒಂದು ಕಡೆಯಲ್ಲಿ ಸರ್ಕಾರವಿದ್ದು, ವರ್ಷಕ್ಕೆ ಕನಿಷ್ಠ 25 ಮಂದಿ ಹೋರಾಟದಲ್ಲಿ ಸತ್ತರೆ ಅದು ಪಟ್ಟಿಗೆ ಸೇರುತ್ತದೆ. ಸಾವಿರ ದಾಟಿದರೆ ಯುದ್ಧ. ಈ ಲೆಕ್ಕದಲ್ಲಿ 2024ರಲ್ಲಿ ಜಗತ್ತಿನಲ್ಲಿ 61 ಸಂಘರ್ಷಗಳಿದ್ದವು. 1946ರಿಂದೀಚೆಗೆ ಯಾವ ವರ್ಷವೂ ಇಷ್ಟಿರಲಿಲ್ಲ. ಆದರೆ ನಮ್ಮ ಜಿಲ್ಲೆಯ ಸೇಡಿನ ಕೊಲೆಗಳು, ಮಳಿಗೆಗೆ ಬೆಂಕಿ, ಬಂದ್‌ನ ದಿನದ ಕಲ್ಲು, ಇವು ಯಾವುವೂ ಈ 61ರಲ್ಲಿ ಇಲ್ಲ. ಪಟ್ಟಿಯಲ್ಲಿ ಇಲ್ಲದ ಮಾತ್ರಕ್ಕೆ ಇಲ್ಲಿ ಶಾಂತಿ ಇದೆ ಎನ್ನಬಹುದೇ?

ಇಲ್ಲ ಎಂದವರು ನಾರ್ವೆಯ ಯೋಹಾನ್ ಗಾಲ್ಟುಂಗ್. 1930ರಲ್ಲಿ ಹುಟ್ಟಿ 2024ರಲ್ಲಿ ತೀರಿಕೊಂಡರು. ಕಡ್ಡಾಯ ಸೇನಾಸೇವೆ ಒಲ್ಲೆ ಎಂದು ಯೌವನದಲ್ಲಿ ಜೈಲಿಗೆ ಹೋದವರು, ಗಾಂಧಿಯನ್ನು ಆಳವಾಗಿ ಓದಿದವರು, 1959ರಲ್ಲಿ ಓಸ್ಲೋದಲ್ಲಿ ಶಾಂತಿ ಸಂಶೋಧನಾ ಸಂಸ್ಥೆ ಕಟ್ಟಿದವರು. ಅವರು ಶಾಂತಿಯನ್ನು ಎರಡಾಗಿ ಒಡೆದರು. ಹೊಡೆದಾಟ ಇಲ್ಲದಿರುವುದು ಒಂದು. ಹೊಡೆದಾಟಕ್ಕೆ ಕಾರಣವೇ ಇಲ್ಲದಂತೆ ಬದುಕು ನ್ಯಾಯವಾಗಿರುವುದು ಇನ್ನೊಂದು. ಮೊದಲನೆಯದನ್ನು ಋಣಾತ್ಮಕ ಶಾಂತಿ, ಎರಡನೆಯದನ್ನು ಧನಾತ್ಮಕ ಶಾಂತಿ ಎಂದರು. ಋಣಾತ್ಮಕ ಎಂದರೆ ಕೆಟ್ಟದ್ದಲ್ಲ, 'ಇಲ್ಲ' ಎಂಬುದರಿಂದ ಗುರುತಿಸುವಂಥದ್ದು ಅಷ್ಟೇ. 1969ರಲ್ಲಿ ಇನ್ನೊಂದು ಪರಿಕಲ್ಪನೆ ಸೇರಿಸಿದರು: ರಾಚನಿಕ ಹಿಂಸೆ. ಯಾರೂ ಕೈ ಎತ್ತಿಲ್ಲ, ಆದರೂ ವ್ಯವಸ್ಥೆಯೇ ಕೆಲವರ ಬದುಕನ್ನು ಕುಗ್ಗಿಸುತ್ತದೆ.

ಇದಕ್ಕೆ ನಾನು ಕೊಡುವ ಉದಾಹರಣೆ ಹಕ್ಕಿಪಿಕ್ಕಿ ಜನರದು. ಹೆಸರೇ ಹೇಳುವಂತೆ ಹಕ್ಕಿ ಹಿಡಿದು ಬದುಕಿದವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಬೇಟೆ ಅಪರಾಧವಾಯಿತು. ಕಾಯ್ದೆ ಬೇಕಾದದ್ದೇ. ಆದರೆ ಕಸುಬು ಹೋದವರಿಗೆ ಬದಲಿ ಏನು ಎಂಬುದು ಅರ್ಧಕ್ಕೇ ನಿಂತಿತು. ಅವರು ಗಿಡಮೂಲಿಕೆ, ಕೂದಲೆಣ್ಣೆ ಮಾರತೊಡಗಿದರು. ಊರೂರು ತಿರುಗಿ, ಕೊನೆಗೆ ಗ್ರಾಹಕರನ್ನು ಅರಸಿ ಆಫ್ರಿಕಾಕ್ಕೇ ಹೋದರು. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಯುದ್ಧ ಹತ್ತಿಕೊಂಡಾಗ, ಕನ್ನಡ ನಾಡಿನ ಈ ಜನ ಎಲ್ ಫಶೇರ್ ನಗರದಲ್ಲಿ ಸಿಕ್ಕಿಬಿದ್ದು ಸಹಾಯ ಕೇಳುತ್ತಿದ್ದರು. ಭಾರತ ಸರ್ಕಾರ 'ಆಪರೇಷನ್ ಕಾವೇರಿ' ನಡೆಸಿ ಮೂರು ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಕರೆತಂದಿತು, ಚೆನ್ನಾಗಿಯೇ ನಡೆಸಿತು. ಅವರನ್ನು ಬದುಕಿಸಿ ತಂದದ್ದು ಮೊದಲ ಬಗೆಯ ಶಾಂತಿಯ ಕೆಲಸ. ಅವರು ಎಣ್ಣೆ ಬಾಟಲಿ ಹಿಡಿದು ಅಲ್ಲಿಗೇಕೆ ಹೋಗಬೇಕಾಯಿತು ಎಂಬುದು ಎರಡನೆಯದರ ಪ್ರಶ್ನೆ. ಅದೇ ಎಲ್ ಫಶೇರ್ ವರ್ಷಕ್ಕೂ ಮೀರಿದ ಮುತ್ತಿಗೆಯ ನಂತರ 2025ರ ಅಕ್ಟೋಬರಿನಲ್ಲಿ ಆರ್‌ಎಸ್‌ಎಫ್ ಕೈಗೆ ಹೋಯಿತು. ಅಲ್ಲಿಯವರಿಗೆ ಯಾವ ಕಾವೇರಿಯೂ ಇರಲಿಲ್ಲ.

ಗಾಲ್ಟುಂಗ್ ಹೇಳಿದ್ದನ್ನೆಲ್ಲ ಒಪ್ಪಬೇಕೆಂದಿಲ್ಲ. ಇದೇ ಕ್ಷೇತ್ರದ ಕೆನೆತ್ ಬೌಲ್ಡಿಂಗ್ ಆಗಲೇ ಗೊಣಗಿದ್ದರು: ಬಡತನ, ಜಾತಿ, ಕೆಟ್ಟ ಆಸ್ಪತ್ರೆ ಎಲ್ಲವನ್ನೂ ಹಿಂಸೆ ಎಂದರೆ, ಗುಂಡು ಹಾರುವುದನ್ನು ನಿಲ್ಲಿಸುವ ಕೆಲಸ ಹಿಂದೆ ಬೀಳುತ್ತದೆ ಎಂದು. ನನಗೂ ಅರ್ಧ ಹಾಗೇ ಅನಿಸುತ್ತದೆ. ನಿಷೇಧಾಜ್ಞೆ ಹಾಕಿದ ಸಂಜೆ ಮಗಳು ಕಾಲೇಜಿನಿಂದ ಇನ್ನೂ ಬಂದಿಲ್ಲ ಎಂದಾಗ ನನಗೆ ಬೇಕಾದದ್ದು ಋಣಾತ್ಮಕ ಶಾಂತಿಯೇ, ಧನಾತ್ಮಕದ್ದು ನಾಳೆಗಾಗಲಿ.

ಈಗ ಮೀನಿನ ಕಥೆ.

1952ರಲ್ಲಿ ನಾರ್ವೆ, ಭಾರತ, ವಿಶ್ವಸಂಸ್ಥೆ ಸೇರಿ ಒಂದು ಒಪ್ಪಂದ ಮಾಡಿಕೊಂಡವು. ನಾರ್ವೆಯ ಪಾಲಿಗೆ ಅದು ಮೊತ್ತಮೊದಲ ಅಭಿವೃದ್ಧಿ ನೆರವಿನ ಯೋಜನೆ. ಜಾಗ ಕೇರಳದ ಕೊಲ್ಲಂ ಹತ್ತಿರದ ನೀಂಡಕರ. ಉದ್ದೇಶದಲ್ಲಿ ಹುಳುಕಿರಲಿಲ್ಲ: ಬಡ ಮೀನುಗಾರರಿಗೆ ಇಂಜಿನ್ ಬೋಟು, ಐಸ್, ಕುಡಿಯುವ ನೀರು, ಆಸ್ಪತ್ರೆ, ಊರವರಿಗೆ ಅಗ್ಗದ ತಾಜಾ ಮೀನು. ಕೆಲವು ವರ್ಷಗಳಲ್ಲಿ ಸಿಗಡಿಗೆ ಅಮೆರಿಕ, ಜಪಾನಿನಲ್ಲಿ ಚಿನ್ನದ ಬೆಲೆ ಎಂದು ತಿಳಿಯಿತು. ಕಡಲ ತಳವನ್ನೇ ಬಾಚುವ ಟ್ರಾಲ್ ಬಲೆ ಇಳಿಯಿತು, ಹೊರಗಿನ ವ್ಯಾಪಾರಿಗಳ ಬಂಡವಾಳ ಬಂತು. ಊರವರಿಗೆ ಮೀನು ಎಂಬ ಮೂಲ ಮಾತು ಬದಿಗೆ ಸರಿದು ರಫ್ತು ಮುಂದೆ ಬಂತು. ಬೋಟು ಕೊಳ್ಳಬಲ್ಲವರು ಮೇಲೆ ಹೋದರು, ದೋಣಿಯವರು ಇದ್ದಲ್ಲೇ ಉಳಿದರು. ಮುಂದೆ ಕೇರಳದ ಕಡಲಲ್ಲಿ ಟ್ರಾಲ್ ಬೋಟಿನವರಿಗೂ ಸಾಂಪ್ರದಾಯಿಕ ಮೀನುಗಾರರಿಗೂ ವರ್ಷಗಟ್ಟಲೆ ನಡೆದ ಜಗಳ, ಬೀದಿ ಹೋರಾಟ, 1988ರ ಮಳೆಗಾಲದ ಟ್ರಾಲಿಂಗ್ ನಿಷೇಧ ಎಲ್ಲವೂ ಈ ಎಳೆಯ ಮುಂದುವರಿಕೆ. ಸ್ವಾರಸ್ಯವೆಂದರೆ, ತನ್ನ ದೇಶದ ಈ ಯೋಜನೆಯನ್ನು ಹತ್ತಿರದಿಂದ ನೋಡಿ ಟೀಕಿಸಿ ಬರೆದವರು ಅದೇ ಗಾಲ್ಟುಂಗ್. ಮೇಲಿನಿಂದ ಇಳಿಸಿದ ಅಭಿವೃದ್ಧಿ ಹೊಸ ಮೇಲುಕೀಳನ್ನು ಹೇಗೆ ಹುಟ್ಟಿಸುತ್ತದೆ ಎಂಬುದಕ್ಕೆ ಅವರಿಗೆ ಸಿಕ್ಕ ಪಾಠಗಳಲ್ಲಿ ನಮ್ಮ ಅರಬ್ಬಿ ಸಮುದ್ರದ ಸಿಗಡಿಯೂ ಒಂದು.

ಆ ಯೋಜನೆ 1960ರ ದಶಕದಲ್ಲಿ ಕಾರವಾರಕ್ಕೂ ಚಾಚಿತು. ಉಡುಪಿ, ಮಂಗಳೂರಿನ ಯಾಂತ್ರೀಕರಣಕ್ಕೆ ಸರ್ಕಾರದ ಸಾಲ, ತರಬೇತಿ, ಇಲ್ಲಿಯವರದೇ ಉತ್ಸಾಹ ಹೆಚ್ಚು ಕಾರಣ. ಆದರೆ ಹೋದ ದಾರಿ ಅದೇ. ಅಲ್ಲಿಯ ತನಕ ಇಲ್ಲಿ ರಂಪಣಿಯದೇ ರಾಜ್ಯ. ದಡದಿಂದ ದೋಣಿಯಲ್ಲಿ ಬಲೆ ಬಿಟ್ಟು, ಬಂಗುಡೆ ಬೂತಾಯಿಯ ಹಿಂಡನ್ನು ಸುತ್ತುವರಿದು, ಎರಡೂ ತುದಿ ಹಿಡಿದು ಹತ್ತಾರು ಮಂದಿ ಮರಳಿನ ಮೇಲೆ ನಿಂತು ಎಳೆಯುವ ದೊಡ್ಡ ಬಲೆ. 1970ರ ದಶಕದ ಮಧ್ಯದಲ್ಲಿ, ಕಡಲಲ್ಲೇ ಹಿಂಡನ್ನು ಸುತ್ತಿ ಬಲೆಯ ಬಾಯಿ ಬಿಗಿಯುವ ಪರ್ಸೀನ್ ಬೋಟುಗಳು ಬಂದು ಹಿಂಡು ದಡಕ್ಕೆ ಬರುವ ಮೊದಲೇ ಬಾಚತೊಡಗಿದವು. ದಡದಲ್ಲೂ ಕಡಲಲ್ಲೂ ಜಗಳಗಳಾದವು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಕಳೆದ ಜುಲೈಯಲ್ಲಿ ಮಲ್ಪೆಯ ಶೆಡ್ಡೊಂದರಲ್ಲಿ ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು ಇದನ್ನು ನನಗಿಂತ ಚೆನ್ನಾಗಿ ಹೇಳಿದರು. "ರಂಪಣಿ ಎಳೆಯಲಿಕ್ಕೆ ಊರೇ ಬರಬೇಕಿತ್ತು ಮಾಸ್ಟ್ರೇ. ಕೈ ಹಾಕಿದವರಿಗೆಲ್ಲ ಪಾಲು. ಈಗ ಮೊದಲ ಪಾಲು ಡೀಸೆಲಿಗೆ."

ಹಾಗಂತ ರಂಪಣಿಯ ಕಾಲ ಸ್ವರ್ಗವಾಗಿತ್ತು ಎಂದು ಅವರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಬೋಟಿನಿಂದ ಎಷ್ಟೋ ಮನೆಗೆ ಹಂಚು ಹೋಗಿ ತಾರಸಿ ಬಂತು, ಮಕ್ಕಳು ಓದಿದರು. ಆದರೆ ಅಭಿವೃದ್ಧಿ ತಂದ ಹಣದ ಜತೆ ಒಂದು ಗೆರೆಯೂ ಬಂತು. ಗೆರೆಯ ಆಚೆ ಈಚೆ ಇಂದಿಗೂ ಜಗಳವಿದೆ: ರಾತ್ರಿ ದೊಡ್ಡ ದೀಪ ಹಾಕಿ ಮೀನು ಸೆಳೆದು ಹಿಡಿಯುವ, 2017ರಲ್ಲಿ ಕೇಂದ್ರ ನಿಷೇಧಿಸಿದ ಲೈಟ್ ಫಿಶಿಂಗ್ ಬೇಕು ಎನ್ನುವವರು, ಬೇಡ ಎಂದು ನಾಡದೋಣಿ ನಿಲ್ಲಿಸಿ ಪ್ರತಿಭಟಿಸುವವರು. ಗಮನಿಸಿ, ಇಬ್ಬರೂ ಹೆಚ್ಚಾಗಿ ಒಂದೇ ಸಮುದಾಯದವರು, ಎಷ್ಟೋ ಸಲ ಒಂದೇ ಕುಟುಂಬದವರು. ಜಗಳಕ್ಕೆ ಧರ್ಮವೇ ಬೇಕೆಂದಿಲ್ಲ, ಬಲೆಯ ಕಣ್ಣಿನ ಅಳತೆಯೂ ಸಾಕು.

ಜಗತ್ತಿನ ನೆರವು ಸಂಸ್ಥೆಗಳಿಗೆ ಈ ಬುದ್ಧಿ ಬಂದದ್ದು ಇನ್ನೂ ಕಹಿಯಾದ ಘಟನೆಯಿಂದ. 1994ರಲ್ಲಿ ರುವಾಂಡಾದ ನರಮೇಧದ ನಂತರ ಲಕ್ಷಾಂತರ ಜನ ಗಡಿ ದಾಟಿ ಇಂದಿನ ಕಾಂಗೊ ದೇಶದ ಗೋಮಾದ ಶಿಬಿರಗಳನ್ನು ಸೇರಿದರು. ಕೊಂದವರೂ ಅದೇ ಗುಂಪಿನಲ್ಲಿದ್ದರು. ಅಕ್ಕಿ, ಬೇಳೆ, ಔಷಧ ಹಂಚುವ ಹಿಡಿತ ಅವರದೇ ಕೈಗೆ ಹೋಯಿತು, ನೆರವಿನ ಬಲದಲ್ಲೇ ಮತ್ತೆ ಪಡೆ ಕಟ್ಟತೊಡಗಿದರು. 'ಗಡಿರಹಿತ ವೈದ್ಯರು' ಸಂಸ್ಥೆಯ ಫ್ರೆಂಚ್ ವಿಭಾಗ ಇದು ನಮ್ಮಿಂದಾಗದು ಎಂದು ಹೊರಬಂತು. ರೋಗಿಗಳನ್ನು ಬಿಟ್ಟು ವೈದ್ಯರು ಹೊರಡುವುದೆಂದರೆ ಎಂಥ ಸಂಕಟ ಯೋಚಿಸಿ. ಆ ದಶಕದಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞೆ ಮೇರಿ ಆ್ಯಂಡರ್ಸನ್ ಇಂಥ ಅನೇಕ ಅನುಭವಗಳನ್ನು ಕಲೆಹಾಕಿ ಸರಳವಾದ ಸೂತ್ರ ಕೊಟ್ಟರು: ಮೊದಲು, ಕೆಡಿಸಬೇಡಿ. ಯಾವ ಊರಿಗೇ ಹೋಗಿ, ಅಲ್ಲಿ ಜನರನ್ನು ಒಡೆಯುವ ಸಂಗತಿಗಳು ಯಾವುವು, ಜೋಡಿಸುವ ಸಂಗತಿಗಳು ಯಾವುವು ಎಂದು ಪಟ್ಟಿ ಮಾಡಿ. ನಿಮ್ಮ ಯೋಜನೆ ಯಾವ ಕಡೆಗೆ ತೂಕ ಹಾಕುತ್ತಿದೆ ನೋಡಿ. ನಳ್ಳಿ ಯಾರ ಬಾಗಿಲಲ್ಲಿ ಹಾಕುತ್ತೀರಿ, ಕೆಲಸ ಯಾರ ಹುಡುಗನಿಗೆ ಕೊಡುತ್ತೀರಿ, ಗೋದಾಮಿನ ಬಾಡಿಗೆ ಯಾರ ಜೇಬಿಗೆ ಹೋಗುತ್ತದೆ ಎಂಬುದೇ ಅಲ್ಲಿ ರಾಜಕೀಯ.

ಹೊರಗಿನವರು ಬಂದು ಕಟ್ಟಿದ್ದನ್ನು ಯುದ್ಧ ಕಸಿಯುವುದೂ ನಮಗೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್, ಮತಾಂತರವಾಗಿ ಕುಲಕಸುಬು ಕಳೆದುಕೊಂಡವರಿಗೆ ಕೆಲಸ ಬೇಕೆಂದು ಮಗ್ಗ ಹಾಕಿತು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. 1914ರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾದಾಗ ಜರ್ಮನ್ ಮಿಶನರಿಗಳು ಬ್ರಿಟಿಷರಿಗೆ ಶತ್ರುಗಳಾದರು, ಬಂಧಿತರಾದರು. ಕಾರ್ಖಾನೆಗಳು ಅವರ ಕೈತಪ್ಪಿ ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ನೇತ್ರಾವತಿಯ ಮಣ್ಣಿಗೂ ಯುರೋಪಿನ ಕಂದಕಗಳಿಗೂ ನೂರು ವರ್ಷದ ಹಿಂದೆಯೇ ನಂಟಿತ್ತು.

ಇವತ್ತಿನ ಬಿಕ್ಕಟ್ಟಿನಲ್ಲಿ ನೆರವಿನ ಹಣವೇ ಬತ್ತುತ್ತಿದೆ. ಸ್ಟಾಕ್‌ಹೋಮಿನ ಶಾಂತಿ ಸಂಶೋಧನಾ ಸಂಸ್ಥೆ ಸಿಪ್ರಿ ಲೆಕ್ಕ ಹಾಕಿದಂತೆ 2024ರಲ್ಲಿ ಜಗತ್ತು ಸೇನೆಗಾಗಿ ಖರ್ಚು ಮಾಡಿದ್ದು 2 ಲಕ್ಷ 71 ಸಾವಿರದ 800 ಕೋಟಿ ಡಾಲರ್. ಹಿಂದಿನ ವರ್ಷಕ್ಕಿಂತ ಶೇ 9.4 ಹೆಚ್ಚು. ಅದೇ ವರ್ಷ ಶ್ರೀಮಂತ ದೇಶಗಳ ಅಧಿಕೃತ ಅಭಿವೃದ್ಧಿ ನೆರವು ಸುಮಾರು 21,200 ಕೋಟಿ ಡಾಲರ್, ಶೇ 7.1 ಇಳಿಕೆ. ರಾಷ್ಟ್ರೀಯ ಆದಾಯದ ಶೇ 0.7ರಷ್ಟು ನೆರವು ಕೊಡಬೇಕು ಎಂದು 1970ರಲ್ಲೇ ವಿಶ್ವಸಂಸ್ಥೆಯಲ್ಲಿ ಗುರಿ ಇಟ್ಟಿದ್ದರು. ಕೊಟ್ಟದ್ದು ಶೇ 0.33. 2025ರಲ್ಲಿ ಅಮೆರಿಕ ತನ್ನ ಯುಎಸ್‌ಏಡ್ ಸಂಸ್ಥೆಯನ್ನೇ ಮುಚ್ಚಿತು. ಇತ್ತ 2024ರ ಕೊನೆಗೆ ಮನೆಮಾರು ಬಿಟ್ಟು ಓಡಬೇಕಾಗಿ ಬಂದವರು ಜಗತ್ತಿನಲ್ಲಿ 12.3 ಕೋಟಿ. ನಮ್ಮ ರಾಜ್ಯದ ಜನಸಂಖ್ಯೆಗಿಂತ ಎಷ್ಟೋ ಹೆಚ್ಚು.

ಸೇನೆಗೆ ಖರ್ಚೇ ಬೇಡ ಎಂಬ ಭೋಳೇತನ ನನ್ನದಲ್ಲ. ಕೆಮ್ ಪ್ಲೂಟೊವನ್ನು ಕಾವಲು ಕಾದು ತಂದದ್ದು ಕೋಸ್ಟ್ ಗಾರ್ಡ್ ಹಡಗು. ನನ್ನ ತಕರಾರು ಬೇರೆ. ಅಗ್ಗದಲ್ಲಿ ಕೆಲಸ ಮಾಡುವುದು ಯಾವುದು ಎಂದು ಸಂಶೋಧನೆ ತೋರಿಸಿಕೊಟ್ಟ ಮೇಲೂ ಅದರ ಕಡೆ ಯಾರೂ ನೋಡುವುದಿಲ್ಲ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗಳನ್ನು ನಾವು ನೀಲಿ ಟೋಪಿಯವರು ಸುಮ್ಮನೆ ನಿಂತಿರುತ್ತಾರೆ ಎಂದು ತಮಾಷೆ ಮಾಡುತ್ತೇವೆ. ಅಂಕಿಅಂಶ ಇಟ್ಟು ನೋಡಿದವರು ಹೇಳುವುದು ಬೇರೆ: ಸಾಕಷ್ಟು ಸಂಖ್ಯೆಯಲ್ಲಿ ಅವರಿದ್ದ ಕಡೆ ಸಾಮಾನ್ಯ ಜನರ ಸಾವು ಕಡಿಮೆ, ನಿಂತ ಯುದ್ಧ ಮತ್ತೆ ಹತ್ತಿಕೊಳ್ಳುವುದೂ ಕಡಿಮೆ. ಭಾರತ ಇಂಥ ಪಡೆಗಳಿಗೆ ಅತಿ ಹೆಚ್ಚು ಸೈನಿಕರನ್ನು ಕಳಿಸಿದ ದೇಶಗಳಲ್ಲಿ ಒಂದು. 2007ರಲ್ಲಿ ಲೈಬೀರಿಯಾಕ್ಕೆ ಮಹಿಳೆಯರದೇ ಪೊಲೀಸ್ ತುಕಡಿ ಕಳಿಸಿತ್ತು. 2024–25ರಲ್ಲಿ ಈ ಎಲ್ಲ ಕಾರ್ಯಾಚರಣೆಗಳಿಗೆ ಮಂಜೂರಾದ ಬಜೆಟ್ 560 ಕೋಟಿ ಡಾಲರ್. ಮೇಲಿನ ಸೇನಾ ಖರ್ಚಿನ ಪಕ್ಕ ಇಟ್ಟರೆ ಸಾವಿರ ರೂಪಾಯಿಗೆ ಎರಡು ರೂಪಾಯಿ. ಅದನ್ನೂ ದೇಶಗಳು ಸಮಯಕ್ಕೆ ಕಟ್ಟುವುದಿಲ್ಲ.

ಮತ್ತೆ ಊರಿಗೆ. ಅಶುತೋಷ್ ವಾರ್ಷ್ನೇಯ ಎಂಬ ವಿದ್ವಾಂಸರು ಭಾರತದ ನಗರಗಳನ್ನು ಜೋಡಿ ಜೋಡಿಯಾಗಿ ಇಟ್ಟು ಅಧ್ಯಯನ ಮಾಡಿದರು. ಹಿಂದೂ–ಮುಸ್ಲಿಂ ಅನುಪಾತ ಹೆಚ್ಚುಕಡಿಮೆ ಒಂದೇ ಇದ್ದರೂ ಅಲಿಗಢದಲ್ಲಿ ಗಲಭೆ, ಕ್ಯಾಲಿಕಟ್‌ನಲ್ಲಿ ಇಲ್ಲ. ಯಾಕೆ? ಪಕ್ಕದ ಮನೆಯವರು ನಕ್ಕು ಮಾತಾಡುವುದು, ಹಬ್ಬಕ್ಕೆ ಪಾಯಸ ಕಳಿಸುವುದು ಹಳ್ಳಿಗೆ ಸಾಕು, ನಗರಕ್ಕೆ ಸಾಲದು. ನಗರವನ್ನು ಹಿಡಿದು ನಿಲ್ಲಿಸುವುದು ಇಬ್ಬರೂ ಸೇರಿರುವ ವ್ಯಾಪಾರಿ ಸಂಘ, ಕಾರ್ಮಿಕ ಸಂಘ, ಕ್ಲಬ್ಬು. ವದಂತಿ ಹಬ್ಬಿದ ರಾತ್ರಿ ಫೋನ್ ಎತ್ತಿ 'ಹಾಗೇನಿಲ್ಲ ಮಾರಾಯ, ನಾನೇ ನೋಡಿ ಬಂದೆ' ಎನ್ನಲು ಒಬ್ಬ ಇರಬೇಕು, ಹಾಗೆನ್ನುವುದರಲ್ಲಿ ಅವನದೂ ಒಂದು ಲಾಭ ಇರಬೇಕು.

ಮಂಗಳೂರಿನ ಮೀನಿನ ಧಕ್ಕೆಯಲ್ಲಿ ಬೆಳಗಿನ ಜಾವ ನಿಂತರೆ ಇದು ಕಣ್ಣಿಗೇ ಕಾಣುತ್ತದೆ. ಹಿಡಿದು ತಂದವರು ಹಿಂದೂ ಮೀನುಗಾರರಾದ ಮೊಗವೀರರು, ಕೊಳ್ಳುವವರಲ್ಲಿ ಇಲ್ಲಿಯ ಮುಸ್ಲಿಮರಾದ ಬ್ಯಾರಿಗಳು, ಬುಟ್ಟಿ ಹೊರುವವರು, ಐಸಿನವರು, ಲಾರಿಯವರು ಇನ್ನಾರೋ, ಬೋಟಿನೊಳಗೆ ಒಡಿಶಾ, ಆಂಧ್ರದ ಹುಡುಗರು. ಬೂತಾಯಿಗೆ ಕಾಯುವಷ್ಟು ತಾಳ್ಮೆ ಇಲ್ಲ, ಅದು ಗಂಟೆಯೊಳಗೆ ಕೈಬದಲಾಗಬೇಕು. ಆ್ಯಂಡರ್ಸನ್ ಹೇಳಿದ ಜೋಡಿಸುವ ಸಂಗತಿ ಇದು. ಇಂಥ ಜೋಡಣೆ ಕತ್ತರಿಸುವುದೂ ಸುಲಭವೇ: 2022ರಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಅವಕಾಶ ಸಿಗಲಿಲ್ಲ. ಅಂದು ಹೊಡೆದಾಟ ಆಗಲಿಲ್ಲ, ಹಾಗಾಗಿ ಉಪ್ಸಲಾದ ಪಟ್ಟಿಯಲ್ಲೂ ಠಾಣೆಯ ಡೈರಿಯಲ್ಲೂ ಅದು ಶಾಂತಿಯ ದಿನ.

2025ರ ಬೇಸಿಗೆಯ ಕೊಲೆಗಳ ನಂತರ ರಾಜ್ಯ ಸರ್ಕಾರ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗಕ್ಕೆ ಕೋಮುಹಿಂಸೆ ತಡೆಯುವ ವಿಶೇಷ ಕಾರ್ಯಪಡೆ ಕೊಟ್ಟಿದೆ. ಬೇಕಿತ್ತು. ಅದರ ಕೆಲಸ ಡಿಜೆ ಎಷ್ಟು ಗಂಟೆಗೆ ಬಂದ್ ಎಂಬಲ್ಲಿಂದ ಶುರುವಾಗಿ ದೊಣ್ಣೆ ಎತ್ತಿದ ಕೈ ಹಿಡಿಯುವಲ್ಲಿಗೆ ನಿಲ್ಲುತ್ತದೆ. ಮುಂದಿನ ಚೌತಿಗೆ ಠಾಣೆಯಿಂದ ಕರೆ ಬಂದರೆ ಈ ಬಾರಿ ಒಂದು ವಿಷಯ ಎತ್ತಬೇಕೆಂದಿದ್ದೇನೆ: ಜಾತ್ರೆಯ ಅಂಗಡಿ ಸಾಲಿನ ಹರಾಜು ಹೇಗೆ ನಡೆಯುತ್ತದೆ, ಯಾರು ಕೂಗಬಹುದು. ಇನ್ಸ್‌ಪೆಕ್ಟರ್ ಸಾಹೇಬರು ಅದು ಇವತ್ತಿನ ಅಜೆಂಡಾದಲ್ಲಿ ಇಲ್ಲ ಸಾರ್, ಚಹಾ ತಕೊಳ್ಳಿ ಎನ್ನುತ್ತಾರೆ ಎಂದು ಗೊತ್ತಿದೆ.